ಜಾಝ್ ಆಲ್ಬಂಗಳಲ್ಲಿ ಶುರುವಿನ ಟ್ಯೂನ್ ಆಮೇಲೆ ಎಲ್ಲಿಗೆ ಹೋಗುತ್ತೆ?

ಬಸವನಗುಡಿ ಬಾಲ್ಕನಿ
ನಾನು ಬೆಳೆದಿದ್ದು ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿ ಕೇಳಿಕೊಂಡು. ಈಗ ಆಫೀಸಿನ ಗೆಳೆಯನೊಬ್ಬ ಜಾಝ್ ಹುಚ್ಚು ಹತ್ತಿಸಿದ್ದಾನೆ. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಕೇಳಿದೆ, ತುಂಬಾ ಹಿಡಿಸಿತು. ಅದೇ ಹುರುಪಿನಲ್ಲಿ 1955ರಿಂದ 65ರ ನಡುವಿನ ಇನ್ನಷ್ಟು ಆಲ್ಬಂ ಹಾಕಿಕೊಂಡೆ. ಎಲ್ಲಾ ಸಣ್ಣ ತಂಡಗಳೇ, ಮೂವರಿಂದ ಆರು ಜನ.

ಅಲ್ಲೇ ಎಡವಟ್ಟಾಗಿದ್ದು. ಶುರುವಿನಲ್ಲಿ ಒಂದು ಚಂದದ ಟ್ಯೂನ್ ಬರುತ್ತೆ. ಒಂದು ನಿಮಿಷದೊಳಗೆ ಅದು ಮಾಯ. ಒಬ್ಬೊಬ್ಬರಾಗಿ ಏನೇನೋ ನುಡಿಸಿಕೊಂಡು ಹೋಗುತ್ತಾರೆ. ಕೊನೆಗೆ ಟ್ಯೂನ್ ವಾಪಸ್. ಮಧ್ಯದ ಐದಾರು ನಿಮಿಷ ನಾನು ಏನನ್ನು ಹಿಡಿದುಕೊಂಡು ಕೇಳಬೇಕು? ಆಲಾಪನೆ ಅಂತ ಕೇಳಲೇ, ತಾಳ ಹಾಕಲೇ? ಮುಂದೆ ಯಾವ ಆಲ್ಬಂ ಕೇಳಬೇಕು ಅಂತಾನೂ ಹೇಳಿ.

ಸುಮ್ನೆ ಓದುವವ
ಹಾಕಿ, ಪಕ್ಕದಲ್ಲಿ ಕೆಲಸ ಮಾಡ್ಕೊಳ್ಳಿ. ಕಾಫಿ ಅಂಗಡಿಗಳಲ್ಲಿ ಅದನ್ನೇ ತಾನೇ ಮಾಡೋದು.

ಹಳೇ ತಟ್ಟೆ
ಮೇಲಿನವರ ಮಾತು ಕೇಳಬೇಡಿ.

ಟ್ಯೂನ್ ಮಾಯವಾಗುವುದಿಲ್ಲ. ಅದರ ಅಳತೆ ಕೆಳಗೆ ಓಡುತ್ತಲೇ ಇರುತ್ತದೆ. ನಿಮಗೆ ಹಿಡಿಸಿದ ಆಲ್ಬಮ್ಮಿನ ಮೊದಲ ಹಾಡು 'ಸೋ ವಾಟ್' ತೆಗೆದುಕೊಳ್ಳಿ. ಅದು 32 ಬಾರ್‌ಗಳ ಸುತ್ತು. ಒಂದು ಬಾರ್‌ಗೆ ನಾಲ್ಕು ಎಣಿಕೆ. ಮೊದಲ 16 ಬಾರ್ ಒಂದೇ ಸ್ವರಶ್ರೇಣಿ. ಮುಂದಿನ 8 ಬಾರ್ ಅದೇ ಶ್ರೇಣಿ ಅರ್ಧ ಸ್ವರ ಮೇಲೆ. ಕೊನೆಯ 8 ಮತ್ತೆ ಹಳೇ ಜಾಗಕ್ಕೆ. ಸುತ್ತು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರು. ಮೈಲ್ಸ್ ಟ್ರಂಪೆಟ್‌ನಲ್ಲಿ ಎರಡು ಸುತ್ತು ನುಡಿಸುತ್ತಾನೆ, ಸ್ಯಾಕ್ಸೋಫೋನಿನ ಕೋಲ್ಟ್ರೇನ್ ಎರಡು, ಇನ್ನೊಬ್ಬ ಸ್ಯಾಕ್ಸೋಫೋನಿನವನು ಕ್ಯಾನನ್‌ಬಾಲ್ ಎರಡು, ಬಿಲ್ ಇವಾನ್ಸ್ ಪಿಯಾನೋದಲ್ಲಿ ಒಂದು.

ಅರ್ಧ ಸ್ವರ ಏರುವ ಆ ಜಾಗ ಒಂದು ಸಲ ಕಿವಿಗೆ ಸಿಕ್ಕರೆ ಆಯ್ತು. ಆಮೇಲೆ ಯಾರು ಎಲ್ಲಿದ್ದಾರೆ ಅಂತ ತಾನಾಗಿ ಗೊತ್ತಾಗುತ್ತದೆ. ಸಿಗದೇ ಇದ್ದರೆ ಟ್ರಂಪೆಟ್, ಸ್ಯಾಕ್ಸೋಫೋನ್ ಬಿಟ್ಟು ಬರೀ ಪಾಲ್ ಚೇಂಬರ್ಸ್‌ನ ಬಾಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯದ ಹಿಂದೆ ಹೋಗಿ. ಶುರುವಿನಲ್ಲಿ ಟ್ಯೂನ್ ನುಡಿಸುವುದೂ ಅವನೇ. ಮಿಕ್ಕವರು ಎರಡೆರಡು ಸ್ವರದಲ್ಲಿ ಉತ್ತರ ಕೊಡುತ್ತಾರೆ ಅಷ್ಟೇ.

ಲಯಗಾರ
ಅಂದ್ರೆ 128 ಅಕ್ಷರದ ಆವರ್ತನ. ಹೀಗೆ ಹೇಳಿದ್ರೆ ನಮಗೆ ಅರ್ಥ ಆಗುತ್ತೆ ಸ್ವಾಮಿ. ಸ್ವರಗಳೂ ಖರಹರಪ್ರಿಯದ್ದೇ. ಮೈಲ್ಸ್ ಡೇವಿಸ್ ಕೊನೆಗೂ ರಾಗಕ್ಕೇ ಬಂದ ಅನ್ನಿ!

ಪಿಟೀಲು ಮನೆ
ಲಯಗಾರರೇ, ಸ್ವರ ಖರಹರಪ್ರಿಯದ್ದು, ಒಪ್ಪಿದೆ. ರಾಗ ಅಲ್ಲ. ಗಮಕ ಎಲ್ಲಿದೆ, ಹಿಡಿದು ನಿಲ್ಲುವ ಜೀವಸ್ವರ ಎಲ್ಲಿದೆ? ಅದಕ್ಕಿಂತ ದೊಡ್ಡ ವಿಷಯ, ಅಲ್ಲಿ ಷಡ್ಜವೇ ಅರ್ಧ ಸ್ವರ ಮೇಲೆ ಹೋಗಿ 8 ಬಾರ್ ಇದ್ದು ಇಳಿದು ಬರುತ್ತದೆ. ನಮ್ಮಲ್ಲಿ ಶ್ರುತಿ ಹಾಗೆ ಅಲುಗಾಡಿದರೆ ತಂಬೂರಿ ಹಿಡಿದವರಿಗೆ ಅವತ್ತೇ ಕೊನೆಯ ಕಚೇರಿ.

ಅಂದ ಹಾಗೆ ಒಂದು ಪ್ರಶ್ನೆ. ನಮ್ಮ ಮಾವನವರ ಹತ್ತಿರ ಈ ಆಲ್ಬಮ್ಮಿನ ಹಳೇ ಎಲ್‌ಪಿ ಇದೆ. ಅದರ ಜೊತೆ ಪಿಟೀಲು ನುಡಿಸಲು ಕೂತರೆ ಮೊದಲ ಬದಿ ಶ್ರುತಿಗೆ ಕೂರುವುದಿಲ್ಲ, ಸ್ವಲ್ಪ ಮೇಲಿದೆ. ಎರಡನೇ ಬದಿ ಸರಿಯಾಗಿದೆ. ಮೋಟರ್ ಹಾಳಾಗಿದ್ದರೆ ಎರಡೂ ಬದಿ ಕೆಡಬೇಕಿತ್ತು, ಅಲ್ವಾ?

ಹಳೇ ತಟ್ಟೆ
ನಿಮ್ಮ ಕಿವಿಗೆ ನಮಸ್ಕಾರ ಮೇಡಂ. ಮೋಟರ್ ಸರಿಯಾಗಿದೆ, ತಟ್ಟೆಯೇ ಹಾಗೆ. ಮೊದಲ ಬದಿಯ ಮೂರೂ ಹಾಡು ರೆಕಾರ್ಡ್ ಆಗಿದ್ದು 1959ರ ಮಾರ್ಚ್ 2ರಂದು. ಅವತ್ತು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಸಂಗೀತ ವೇಗವಾಗುತ್ತದೆ, ಶ್ರುತಿ ಏರುತ್ತದೆ. ಎರಡನೇ ಬದಿಯದ್ದು ಏಪ್ರಿಲ್ 22ರ ರೆಕಾರ್ಡಿಂಗ್, ಅದರಲ್ಲಿ ಆ ತೊಂದರೆ ಇಲ್ಲ. ಮಾರ್ಚ್ 2ರಂದು ಜೊತೆಗೆ ಇನ್ನೊಂದು ಯಂತ್ರವೂ ಓಡುತ್ತಿತ್ತು. ಅದರ ಟೇಪಿನಿಂದ 1992ರಲ್ಲಿ ಸರಿಪಡಿಸಿದರು. ಅಲ್ಲಿಯವರೆಗೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಜಗತ್ತೆಲ್ಲ ಮೇಲಿನ ಶ್ರುತಿಯಲ್ಲೇ ಕೇಳಿತ್ತು.

ಪಿಟೀಲು ಮನೆ
ಅಬ್ಬ! ನಮ್ಮ ಮಾವ ಆ ಪ್ಲೇಯರ್ ಅನ್ನು ರಿಪೇರಿಗೆ ಕೊಟ್ಟು ದುಡ್ಡು ಸುರಿದಿದ್ದಾರೆ. ಈಗ ಇದನ್ನು ಹೇಳುವುದೋ ಬೇಡವೋ.

ಸುಮ್ನೆ ಓದುವವ
ಹೇಳಬೇಡಿ. ಮನೆ ನೆಮ್ಮದಿ ಮುಖ್ಯ.

ಸಿಂಕೋಪೇಶನ್ ಸಿದ್ದ
ಎಲ್ಲರೂ 'ಕೈಂಡ್ ಆಫ್ ಬ್ಲೂ'ನಿಂದಲೇ ಶುರು ಮಾಡಿಸುತ್ತಾರೆ. ನನ್ನ ಪ್ರಕಾರ ಅದು ತಪ್ಪು ಬಾಗಿಲು. ಅಷ್ಟು ಸಮಾಧಾನದ ಆಲ್ಬಂ ಆ ಕಾಲದಲ್ಲಿ ಅಪರೂಪ. ಅದನ್ನು ಕೇಳಿ ಬಂದವರು ಬೇರೆಯವನ್ನೆಲ್ಲ ಗದ್ದಲ ಅಂದುಬಿಡುತ್ತಾರೆ.

ಹೊಸಬರಿಗೆ ಆರ್ಟ್ ಬ್ಲೇಕಿಯ 'ಮೋನಿನ್' ಕೊಡಿ. 1958. ಪಿಯಾನೋ ಒಂದು ಸಾಲು ಹೇಳುತ್ತದೆ, ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಎರಡು ಸ್ವರದಲ್ಲಿ 'ಆಮೆನ್' ಅಂದಹಾಗೆ ಉತ್ತರ ಕೊಡುತ್ತವೆ. ಭಜನೆ ಹಾಡಿ ಗೊತ್ತಿರುವ ಯಾರಿಗಾದರೂ ಅದು ಅರ್ಥವಾಗುತ್ತದೆ. ಆಮೇಲೆ ಲೀ ಮಾರ್ಗನ್‌ನ ಟ್ರಂಪೆಟ್. ಆಗ ಅವನಿಗೆ ಬರೀ 20 ವರ್ಷ!

ಹಳೇ ತಟ್ಟೆ
ಲೀ ಮಾರ್ಗನ್ ಬೇಕಿದ್ದರೆ ಹಿಂದಿನ ವರ್ಷದ್ದು ಕೇಳಿ. ಕೋಲ್ಟ್ರೇನ್‌ನ 'ಬ್ಲೂ ಟ್ರೇನ್', ಸೆಪ್ಟೆಂಬರ್ 1957. ಆಗ 19. ಅದು ರೆಕಾರ್ಡ್ ಆಗಿದ್ದು ಯಾವುದೋ ದೊಡ್ಡ ಸ್ಟುಡಿಯೋದಲ್ಲಿ ಅಲ್ಲ. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬ ಕಣ್ಣಿನ ಪರೀಕ್ಷಕರ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ. ಹಗಲು ಜನರ ಕಣ್ಣು ಪರೀಕ್ಷೆ, ಬಿಡುವಿನಲ್ಲಿ ಬ್ಲೂ ನೋಟ್, ಪ್ರೆಸ್ಟೀಜ್ ಕಂಪನಿಗಳ ರೆಕಾರ್ಡಿಂಗ್. 1959ರಲ್ಲಷ್ಟೇ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು.

ಎಡಿಸನ್ ಕನ್ನಡತಿ
ನಾನಿರೋದು ನ್ಯೂಜೆರ್ಸಿಯಲ್ಲೇ. ಹ್ಯಾಕೆನ್‌ಸ್ಯಾಕ್‌ನ ಆ ಮನೆ ಈಗಿಲ್ಲ, ಕೆಡವಿದ್ದಾರೆ. ಎಂಗಲ್‌ವುಡ್ ಕ್ಲಿಫ್ಸ್‌ನ ಸ್ಟುಡಿಯೋ ಇದೆ. ಮರದ ತೊಲೆಗಳ ಎತ್ತರದ ಚಾವಣಿ, ಪ್ರಾರ್ಥನಾ ಮಂದಿರದ ಹಾಗೆ. ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' 1964ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಆಗಿದ್ದು ಅಲ್ಲೇ.

ಬ್ಲೂ ನೋಟ್ ಬಗ್ಗೆ ಇನ್ನೊಂದು ಮಾತು. ಅದನ್ನು ನಡೆಸಿದ ಆಲ್ಫ್ರೆಡ್ ಲಯನ್, ಫ್ರಾನ್ಸಿಸ್ ವುಲ್ಫ್ ಇಬ್ಬರೂ ಬರ್ಲಿನ್‌ನಿಂದ ಬಂದವರು. ರೆಕಾರ್ಡಿಂಗ್‌ಗೆ ಮುಂಚೆ ಅಭ್ಯಾಸ ಮಾಡುವ ಸಮಯಕ್ಕೂ ಇವರು ದುಡ್ಡು ಕೊಡುತ್ತಿದ್ದರು. ಬೇರೆ ಸಣ್ಣ ಕಂಪನಿಗಳು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬ್ಲೂ ನೋಟ್ ಆಲ್ಬಂಗಳಲ್ಲಿ ಶುರುವೂ ಕೊನೆಯೂ ಅಚ್ಚುಕಟ್ಟು.

ಸಿಂಕೋಪೇಶನ್ ಸಿದ್ದ
ಅಭ್ಯಾಸ ಇಲ್ಲದೆಯೂ ಬಂಗಾರ ಬಂದಿದೆ ಮೇಡಂ. ಪ್ರೆಸ್ಟೀಜ್ ಜೊತೆಗಿನ ಒಪ್ಪಂದ ಮುಗಿಸಿಕೊಳ್ಳಲು ಮೈಲ್ಸ್ 1956ರಲ್ಲಿ ಮೇ ತಿಂಗಳ ಒಂದು ದಿನ, ಅಕ್ಟೋಬರ್‌ನ ಒಂದು ದಿನ ಕೂತು ನಾಲ್ಕು ಆಲ್ಬಮ್ಮಿಗೆ ಆಗುವಷ್ಟು ನುಡಿಸಿಬಿಟ್ಟ. 'ಕುಕಿನ್', 'ರಿಲ್ಯಾಕ್ಸಿನ್', 'ವರ್ಕಿನ್', 'ಸ್ಟೀಮಿನ್'. ಕ್ಲಬ್ಬಿನಲ್ಲಿ ದಿನಾ ನುಡಿಸುವುದನ್ನೇ ಸ್ಟುಡಿಯೋದಲ್ಲಿ ನುಡಿಸಿದ್ದು. ಮಧ್ಯದಲ್ಲಿ ಅವನ ಗೊಗ್ಗರು ದನಿಯೂ ಕೇಳುತ್ತೆ.

ಲಯಗಾರ
ಯಾರೂ 'ಟೇಕ್ ಫೈವ್' ಹೇಳಲೇ ಇಲ್ಲವಲ್ಲ! ಡೇವ್ ಬ್ರೂಬೆಕ್ ಕ್ವಾರ್ಟೆಟ್, 'ಟೈಮ್ ಔಟ್', 1959. ಅದು ಐದು ಎಣಿಕೆಯ ಖಂಡ ಛಾಪು. ಕಣ್ಣು ಮುಚ್ಚಿ ತಾಳ ಹಾಕಬಹುದು.

ಕುಡ್ಲದ ಟ್ರಂಪೆಟ್
ಹಾಕಿ ನೋಡಿ ಮಾರಾಯ್ರೆ, ಎರಡನೇ ಸುತ್ತಿಗೆ ಎಡವುತ್ತೀರಿ. ನಮ್ಮ ಖಂಡ ಛಾಪು ಎರಡು ಮತ್ತು ಮೂರು. 'ಟೇಕ್ ಫೈವ್' ಮೂರು ಮತ್ತು ಎರಡು. ಪಿಯಾನೋ ಬಡಿತ ಕೇಳಿದರೆ ಗೊತ್ತಾಗ್ತದೆ.

ಬೇಕಿದ್ದರೆ ಅದೇ ಆಲ್ಬಮ್ಮಿನ ಮೊದಲ ಹಾಡು 'ಬ್ಲೂ ರೊಂಡೋ ಆ ಲಾ ಟರ್ಕ್' ಹಾಕಿ. 1958ರಲ್ಲಿ ಅಮೆರಿಕ ಸರ್ಕಾರ ಬ್ರೂಬೆಕ್ ತಂಡವನ್ನು ಹೊರದೇಶಗಳಿಗೆ ಕಳಿಸಿತ್ತಲ್ಲ, ಆಗ ಟರ್ಕಿಯಲ್ಲಿ ಬೀದಿ ವಾದ್ಯದವರು ನುಡಿಸುತ್ತಿದ್ದ ನಡೆ ಅದು. ಎರಡು, ಎರಡು, ಎರಡು, ಮೂರು. ತಕ ಧಿಮಿ ತಕ ತಕಿಟ. ನಮ್ಮ ಒಂಬತ್ತರ ಸಂಕೀರ್ಣಕ್ಕೆ ಸರಿಯಾಗಿ ಕೂತುಕೊಳ್ತದೆ. ಆದರೆ ಮೂರು ಸಲ ಹಾಗೆ ಬಂದು ನಾಲ್ಕನೇ ಸಲ ಮೂರು, ಮೂರು, ಮೂರು ಆಗ್ತದೆ. ಅಲ್ಲಿ ಹುಷಾರು.

ಅದೇ ಪ್ರವಾಸದಲ್ಲಿ ಅವರು ಭಾರತಕ್ಕೂ ಬಂದಿದ್ದರು. ಆಮೇಲೆ ಮಾಡಿದ 'ಜಾಝ್ ಇಂಪ್ರೆಶನ್ಸ್ ಆಫ್ ಯುರೇಷಿಯಾ'ದಲ್ಲಿ 'ಕಲ್ಕತ್ತಾ ಬ್ಲೂಸ್' ಅಂತ ಒಂದು ಉಂಟು.

ಲಯಗಾರ
ಮೂರು ಎರಡಾದರೂ ಐದು ಐದೇ. ನನ್ನ ತಾಳ ಎಡವಿಲ್ಲ.

ಕುಡ್ಲದ ಟ್ರಂಪೆಟ್
ಮೃದಂಗದವರ ಎದುರು ಈ ಮಾತು ಹೇಳಿ ನೋಡುವಾ.

ಎಡಿಸನ್ ಕನ್ನಡತಿ
'ಟೇಕ್ ಫೈವ್' ಬರೆದಿದ್ದು ಬ್ರೂಬೆಕ್ ಅಲ್ಲ, ಸ್ಯಾಕ್ಸೋಫೋನಿನ ಪಾಲ್ ಡೆಸ್ಮಂಡ್. 1977ರಲ್ಲಿ ತೀರಿಕೊಂಡಾಗ ತನ್ನ ರಚನೆಗಳ ರಾಯಲ್ಟಿಯನ್ನು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟ.

ಬಸವನಗುಡಿ ಬಾಲ್ಕನಿ
ಎಲ್ಲರಿಗೂ ಥ್ಯಾಂಕ್ಸ್. ಬಾಸ್ ಹಿಂದೆ ಹೋಗಿ ನೋಡಿದೆ, ಆ ಅರ್ಧ ಸ್ವರ ಏರುವುದು ಸಿಕ್ಕಿತು. ಕೋಲ್ಟ್ರೇನ್ ನುಡಿಸುವಾಗ ಒಂದು ಸಲ ತಪ್ಪಿಸಿಕೊಂಡೆ, ಆದರೆ ಪಿಯಾನೋ ಬರುವಷ್ಟರಲ್ಲಿ ಮತ್ತೆ ಹಿಡಿದೆ.

ಇನ್ನೊಂದು ಸಂಶಯ. ಇಷ್ಟು ಸಣ್ಣ ತಂಡಗಳೇ ಯಾಕೆ? ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ಜಾಝ್ ಅಂದರೆ ಕೋಟು ಹಾಕಿದ ಹದಿನೈದು ಜನ ಇರುತ್ತಾರೆ.

ಹಳೇ ತಟ್ಟೆ
ದುಡ್ಡು. ಎರಡನೇ ಮಹಾಯುದ್ಧದ ನಂತರ ಅಷ್ಟು ಜನರಿಗೆ ಸಂಬಳ, ಬಸ್ಸು, ಹೋಟೆಲು ಕೊಟ್ಟು ಊರೂರು ತಿರುಗಿಸುವುದು ಆಗುತ್ತಿರಲಿಲ್ಲ. ಜೊತೆಗೆ 1944ರಲ್ಲಿ ಕುಣಿತ, ಹಾಡು ಇರುವ ಜಾಗಗಳ ಮೇಲೆ ಅಮೆರಿಕ ಸರ್ಕಾರ ಶೇ. 30 ತೆರಿಗೆ ಹಾಕಿತು. ಆಮೇಲೆ ಅದು 20ಕ್ಕೆ ಇಳಿಯಿತು. ಬರೀ ವಾದ್ಯ, ಕುಣಿತ ಇಲ್ಲ ಅಂದರೆ ತೆರಿಗೆ ಇಲ್ಲ. ಕ್ಲಬ್ಬಿನವರು ಕುಣಿಯುವ ಜಾಗಕ್ಕೂ ಕುರ್ಚಿ ಹಾಕಿಸಿದರು. ಜನ ಕೂತು ಕೇಳತೊಡಗಿದರು.

ಇನ್ನೊಂದು ಕಾರಣ ತಟ್ಟೆಯದ್ದೇ. 78ರ ವೇಗದ ಹಳೇ ರೆಕಾರ್ಡಿನ ಒಂದು ಬದಿಗೆ ಮೂರು ನಿಮಿಷ ಹಿಡಿದರೆ ಹೆಚ್ಚು. 1948ರಲ್ಲಿ ಕೊಲಂಬಿಯಾ ಎಲ್‌ಪಿ ತಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಒಬ್ಬ ತನ್ನ ಮಾತನ್ನು ಪೂರ್ತಿ ಹೇಳಿ ಮುಗಿಸಲು ಆಗಿದ್ದು ಆವಾಗಲೇ.

ಮೊನೊ ಮಾತ್ರ
ತಟ್ಟೆಯ ಮಾತು ಬಂತು, ಹೇಳಿಬಿಡುತ್ತೇನೆ. ಈ ಆಲ್ಬಂಗಳನ್ನು ಮೊನೊದಲ್ಲೇ, ಅಂದರೆ ಎಲ್ಲಾ ಸದ್ದು ಒಂದೇ ಕಡೆಯಿಂದ ಬರುವ ಹಾಗೆ ಕೇಳಬೇಕು. ಆ ಕಾಲದ ಸ್ಟೀರಿಯೋದಲ್ಲಿ ಒಬ್ಬ ಎಡಗಡೆ ಗೋಡೆಗೆ, ಇನ್ನೊಬ್ಬ ಬಲಗಡೆ ಗೋಡೆಗೆ ಅಂಟಿಕೊಂಡ ಹಾಗಿರುತ್ತೆ.

ಹೊಸ ತಟ್ಟೆ ತರಿಸಿದರೆ ಅದೂ ಸೊಟ್ಟ. ಮೊನ್ನೆ ಬಂದಿದ್ದು ಹಪ್ಪಳದ ಹಾಗೆ ಎದ್ದು ಕೂತಿತ್ತು. ಅಂಗಡಿಯವನು ನಿಮ್ಮ ಮನೆ ಬಿಸಿ ಜಾಸ್ತಿ ಅಂದ.

ಸಿಂಕೋಪೇಶನ್ ಸಿದ್ದ
ಫೋನಿನಲ್ಲಿ ಕೇಳಿದರೂ ಕೋಲ್ಟ್ರೇನ್ ಕೋಲ್ಟ್ರೇನೇ. ಹೊಸಬರನ್ನು ಹೆದರಿಸಬೇಡಿ ಗುರುಗಳೇ.

ಶಾರ್ಟ್‌ವೇವ್
ನಾವು ಕೇಳಿದ್ದಕ್ಕೆ ಮೊನೊನೂ ಇಲ್ಲ, ಸ್ಟೀರಿಯೋನೂ ಇಲ್ಲ, ಬರೀ ಗೊರಗೊರ. ನಾನು ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ರಾತ್ರಿ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕೊನೋವರ್ ಅನ್ನುವವರ ಜಾಝ್ ಕಾರ್ಯಕ್ರಮ ಬರುತ್ತಿತ್ತು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ತಿಳಿಯಲಿ ಅಂತ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಯಾರು ಯಾವ ವಾದ್ಯ ಅಂತ ಹೆಸರು ಓದುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಪಿಯಾನೋದ ಥೆಲೋನಿಯಸ್ ಮಾಂಕ್ ಅನ್ನುವ ಹೆಸರನ್ನು ಎಷ್ಟು ತರಹ ಬರೆದಿದ್ದೇನೋ.

ಇಲ್ಲಿ ಬಾಸ್ ವಿಷಯ ಹೇಳಿದ್ದು ಸರಿ. ಆದರೆ ರೇಡಿಯೋದಲ್ಲಿ ನಮಗೆ ಬಾಸ್ ಕೇಳಿಸುತ್ತಲೇ ಇರಲಿಲ್ಲ. ಡ್ರಮ್ಸಿನ ದೊಡ್ಡ ತಾಳದ ತಟ್ಟೆಯ ಚಿಣ್ ಚಿಣ್ ಹಿಡಿದುಕೊಂಡೇ ಎಣಿಸುತ್ತಿದ್ದೆವು.

ಪಿಟೀಲು ಮನೆ
ಶಾರ್ಟ್‌ವೇವ್ ಸರ್, ಆ ನೋಟ್‌ಬುಕ್ ಇದ್ದರೆ ಒಂದು ಪುಟದ ಫೋಟೋ ಹಾಕಿ ದಯವಿಟ್ಟು.

ಸುಮ್ನೆ ಓದುವವ
ಬಾಸ್ ಸೋಲೋ ಬಂದಾಗ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ನಾನಂತೂ ತನಿ ಆವರ್ತನ ಶುರುವಾದಾಗ ಕ್ಯಾಂಟೀನಿಗೆ ಹೋಗುವ ಜಾತಿ.

ಲಯಗಾರ
ನಿಮ್ಮಂಥವರನ್ನು ಹಾಲ್‌ನ ಒಳಗೆ ಬಿಡಲೇಬಾರದು.

ಎಡಿಸನ್ ಕನ್ನಡತಿ
ಕ್ಯಾಂಟೀನಿಗೆ ಹೋಗುವವರು ಬಿಲ್ ಇವಾನ್ಸ್ ಟ್ರಿಯೋ ಕೇಳಿ. 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್', 'ವಾಲ್ಟ್ಜ್ ಫಾರ್ ಡೆಬಿ', ಎರಡೂ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ಆ ನೆಲಮಾಳಿಗೆ ಕ್ಲಬ್ಬಿನಲ್ಲಿ ರೆಕಾರ್ಡ್ ಆಗಿದ್ದು. ಅಲ್ಲಿ ಬಾಸ್ ನುಡಿಸುವ ಸ್ಕಾಟ್ ಲಾಫಾರೋ ಸೋಲೋಗೆ ಕಾಯುವುದೇ ಇಲ್ಲ. ಪಿಯಾನೋ ನುಡಿಸುವಾಗಲೇ ಮಧ್ಯೆ ಬಾಯಿ ಹಾಕುತ್ತಾನೆ, ಎದುರು ಮಾತಾಡುತ್ತಾನೆ. ಡ್ರಮ್ಸಿನ ಪಾಲ್ ಮೋಶನ್ ಕಡ್ಡಿಯ ಬದಲು ಬ್ರಷ್ ಹಿಡಿದು ಇಬ್ಬರನ್ನೂ ಕೇಳಿಸಿಕೊಳ್ಳುತ್ತಾ ಇರುತ್ತಾನೆ. ಯಾರು ಮುಖ್ಯ, ಯಾರು ಪಕ್ಕವಾದ್ಯ ಹೇಳುವುದು ಕಷ್ಟ.

ಜನರು ಹರಟುವುದು, ಗ್ಲಾಸು ತಾಗುವುದೂ ಕೇಳುತ್ತದೆ. ಅವತ್ತು ಅಲ್ಲಿ ಕೂತಿದ್ದ ಕೆಲವರು ಪೂರ್ತಿ ಮಾತಿನಲ್ಲೇ ಮುಳುಗಿದ್ದರು. ಜುಲೈ 6ಕ್ಕೆ ಲಾಫಾರೋ ಕಾರು ಅಪಘಾತದಲ್ಲಿ ಹೋದ. 25 ವಯಸ್ಸು.

ಮೊನೊ ಮಾತ್ರ
ಇದನ್ನು ಮಾತ್ರ ಸ್ಟೀರಿಯೋದಲ್ಲಿ ಕೇಳಬಹುದು. ಬಾಸ್ ಬೇರೆಯಾಗಿ ಕೇಳುತ್ತೆ.

ಸಿಂಕೋಪೇಶನ್ ಸಿದ್ದ
ದಾಖಲೆ ಇಟ್ಟುಕೊಳ್ಳಿ, ಮೊನೊ ಮಾತ್ರ ಅವರು ಇವತ್ತು ಸ್ಟೀರಿಯೋ ಒಪ್ಪಿದರು.

ಮೇಲೆ ಕಾಫಿ ಅಂಗಡಿ ಅಂದರಲ್ಲ, ಅದು ನನಗೆ ಇನ್ನೂ ಚುಚ್ಚುತ್ತಿದೆ. 'ಕೈಂಡ್ ಆಫ್ ಬ್ಲೂ' ಅಂಗಡಿಗೆ ಬಂದಿದ್ದು 1959ರ ಆಗಸ್ಟ್ 17ಕ್ಕೆ. ಅದೇ ತಿಂಗಳು ಮೈಲ್ಸ್ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ. ಬಿಡುವಿನಲ್ಲಿ ಒಬ್ಬ ಬಿಳಿಯ ಹೆಂಗಸನ್ನು ಟ್ಯಾಕ್ಸಿ ಹತ್ತಿಸಿ ಹೊರಗೆ ನಿಂತಿದ್ದ. ಪೊಲೀಸಿನವನು ಜಾಗ ಖಾಲಿ ಮಾಡು ಅಂದ. ನಾನು ಇಲ್ಲೇ ಕೆಲಸ ಮಾಡುವುದು ಅಂತ ಬೋರ್ಡಿನ ಮೇಲಿದ್ದ ತನ್ನ ಹೆಸರು ತೋರಿಸಿದರೂ ಬಿಡಲಿಲ್ಲ. ತಲೆ ಒಡೆದು ರಕ್ತ ಸುರಿಸಿ ಠಾಣೆಗೆ ಎಳೆದುಕೊಂಡು ಹೋದರು. ಹಿನ್ನೆಲೆ ಸಂಗೀತವಂತೆ!

ಸುಮ್ನೆ ಓದುವವ
ತಮಾಷೆಗೆ ಹೇಳಿದ್ದು ಸಿದ್ದಣ್ಣ, ಯಾಕೆ ಅಷ್ಟೊಂದು ಕೋಪ? ಆದರೂ ವಾದ್ಯ ಸಂಗೀತದಲ್ಲಿ ರಾಜಕೀಯ ಎಲ್ಲಿಂದ ಬರುತ್ತೆ? ಮಾತೇ ಇಲ್ಲವಲ್ಲ.

ಹಳೇ ತಟ್ಟೆ
ಮಾತು ಇತ್ತು, ತೆಗೆಸಿದರು. ಚಾರ್ಲ್ಸ್ ಮಿಂಗಸ್‌ನ 'ಮಿಂಗಸ್ ಆ ಉಮ್', ಅದೂ 1959ರದ್ದೇ. ಅದರಲ್ಲಿ 'ಫೇಬಲ್ಸ್ ಆಫ್ ಫೌಬಸ್' ಇದೆ. ಕರಿಯ ಮಕ್ಕಳು ಲಿಟಲ್ ರಾಕ್‌ನ ಶಾಲೆಗೆ ಬರದ ಹಾಗೆ 1957ರಲ್ಲಿ ಸೈನ್ಯ ನಿಲ್ಲಿಸಿದ ಅರ್ಕನ್ಸಾ ಗವರ್ನರ್‌ನನ್ನು ಗೇಲಿ ಮಾಡುವ ಹಾಡು. ಕೊಲಂಬಿಯಾ ಮಾತುಗಳನ್ನು ಬಿಡಲಿಲ್ಲ. ಮರುವರ್ಷ ಕ್ಯಾಂಡಿಡ್ ಅನ್ನುವ ಸಣ್ಣ ಕಂಪನಿಗೆ ಮಾತಿನ ಸಮೇತ ಮತ್ತೆ ರೆಕಾರ್ಡ್ ಮಾಡಿದ. ಮಾತಿಲ್ಲದ್ದನ್ನು ಮೊದಲು ಕೇಳಿ. ಆ ಟ್ಯೂನ್ ಸೊಟ್ಟಗೆ ನಡೆಯುವುದರಲ್ಲೇ ಗೇಲಿ ಇದೆ.

ಕುಡ್ಲದ ಟ್ರಂಪೆಟ್
ಮಿಂಗಸ್ ಅಂದಾಗ ನೆನಪಾಯ್ತು. ಅವನ 1963ರ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ'ಯಲ್ಲಿ ಆಲ್ಟೋ ಸ್ಯಾಕ್ಸೋಫೋನ್ ಅಳುವ ಹಾಗೆ ಕೇಳ್ತದಲ್ಲ, ಅದು ಚಾರ್ಲಿ ಮರಿಯಾನೋ. ಸಣ್ಣ ತಂಡ ಅಲ್ಲ ಅದು, ಹನ್ನೊಂದು ಜನ. ಇರಲಿ. ಆ ಮರಿಯಾನೋ ಆಮೇಲೆ ನಾಗಸ್ವರ ಕಲಿತ. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ 'ಜ್ಯೋತಿ' ಅಂತ ಆಲ್ಬಂ ಮಾಡಿದ, ಇಸಿಎಮ್ ಕಂಪನಿಗೆ, 1983ರಲ್ಲಿ. ಹಾಡಿದ್ದು ಆರ್.ಎ. ರಮಾಮಣಿ.

ಮತ್ತೆ ನಮ್ಮ ಕದ್ರಿಯವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. 2008ರಲ್ಲಿ ರುದ್ರೇಶ್ ಮಹಂತಪ್ಪ ಜೊತೆ 'ಕಿನ್ಸ್‌ಮೆನ್' ಮಾಡಿದ್ದಾರೆ. ಎರಡು ಆಲ್ಟೋ ಎದುರು ಬದುರು. ಕೇಳಿಲ್ಲದಿದ್ದರೆ ಇವತ್ತೇ ಕೇಳಿ.

ಪಿಟೀಲು ಮನೆ
ಕದ್ರಿಯವರ ಗಮಕ ಕೇಳಿ ಆಮೇಲೆ ಕ್ಯಾನನ್‌ಬಾಲ್ ಕೇಳಿದರೆ ಒಂದೇ ವಾದ್ಯ ಅಂತ ನಂಬಲು ಕಷ್ಟ. ಕದ್ರಿಯವರು ವಾದ್ಯವನ್ನೇ ತಮಗೆ ಬೇಕಾದ ಹಾಗೆ ಬದಲಿಸಿಕೊಂಡಿದ್ದರು.

ಬಸವನಗುಡಿ ಬಾಲ್ಕನಿ
ಪಟ್ಟಿ ಉದ್ದವಾಯ್ತು. ಈ ವಾರ ಒಂದೇ ಒಂದು ಕೇಳಬೇಕು ಅಂದರೆ ಯಾವುದು?

ಸಿಂಕೋಪೇಶನ್ ಸಿದ್ದ
ಸೋನಿ ರೋಲಿನ್ಸ್, 'ವೇ ಔಟ್ ವೆಸ್ಟ್', 1957. ಸ್ಯಾಕ್ಸೋಫೋನ್, ಬಾಸ್, ಡ್ರಮ್ಸ್ ಮಾತ್ರ. ಪಿಯಾನೋ ಇಲ್ಲ, ಅಡಗಿಕೊಳ್ಳಲು ಜಾಗ ಇಲ್ಲ. ಎಲ್ಲರಿಗೂ ಬೇರೆ ಕೆಲಸ ಇತ್ತು ಅಂತ ಬೆಳಗಿನ ಜಾವ ಮೂರಕ್ಕೆ ರೆಕಾರ್ಡಿಂಗ್ ಇಟ್ಟುಕೊಂಡರು. ರೋಲಿನ್ಸ್ ಟ್ಯೂನನ್ನು ಬಿಟ್ಟು ದೂರ ಹೋಗುವುದಿಲ್ಲ, ಅದನ್ನೇ ತಿರುಚಿ ತಿರುಚಿ ನೋಡುತ್ತಾನೆ. ನಿಮ್ಮ ಪ್ರಶ್ನೆಗೆ ಇದೇ ಉತ್ತರ.

ಎಡಿಸನ್ ಕನ್ನಡತಿ
ಹೊಸಬರಿಗೆ ಪಿಯಾನೋ ಇಲ್ಲದ್ದಾ? ಸುತ್ತು ಎಲ್ಲಿ ತಿರುಗಿತು ಅಂತ ಹೇಳಿಕೊಡುವುದೇ ಪಿಯಾನೋ. ಮೊದಲು 'ವಾಲ್ಟ್ಜ್ ಫಾರ್ ಡೆಬಿ'.

ಸಿಂಕೋಪೇಶನ್ ಸಿದ್ದ
ಅಲ್ಲಿ ಲಾಫಾರೋ ಹಿಂದೆ ಹೋದರೆ ಇನ್ನೂ ಕಳೆದುಹೋಗುತ್ತಾರೆ ಮೇಡಂ. 'ವೇ ಔಟ್ ವೆಸ್ಟ್'ನಲ್ಲಿ ಬಾಸ್ ಹಿಡಿದವನು ರೇ ಬ್ರೌನ್, ಕಣ್ಣಿಲ್ಲದವರೂ ದಾರಿ ನಡೆಯಬಹುದು.

ಶಾರ್ಟ್‌ವೇವ್
ನನ್ನ ಮತ ಮಾಂಕ್‌ಗೆ. 'ಬ್ರಿಲಿಯಂಟ್ ಕಾರ್ನರ್ಸ್'. 1956ರ ಕೊನೆಯಲ್ಲಿ ರೆಕಾರ್ಡ್ ಆಗಿದ್ದು, ಅಲ್ಲಿಯೂ ರೋಲಿನ್ಸ್ ಇದ್ದಾನೆ, ಡ್ರಮ್ಸಿಗೆ ಮ್ಯಾಕ್ಸ್ ರೋಚ್. ಶೀರ್ಷಿಕೆಯ ಹಾಡನ್ನು ಅಷ್ಟು ದೊಡ್ಡ ವಾದಕರು 25 ಸಲ ಪ್ರಯತ್ನಪಟ್ಟರೂ ಒಂದು ಸಲವೂ ಪೂರ್ತಿ ಸರಿಯಾಗಿ ಬರಲಿಲ್ಲ. ಕೊನೆಗೆ ನಿರ್ಮಾಪಕ ಓರಿನ್ ಕೀಪ್‌ನ್ಯೂಸ್ ಟೇಪಿನ ತುಂಡುಗಳನ್ನು ಅಂಟಿಸಿ ಆಲ್ಬಮ್ಮಿಗೆ ಹಾಕಿದರು.

ಲಯಗಾರ
ಏನಿದೆ ಅಂಥದ್ದು ಅದರಲ್ಲಿ?

ಶಾರ್ಟ್‌ವೇವ್
ಸುತ್ತು 32 ಅಲ್ಲ. ಎಂಟು ಬಾರ್, ಏಳು ಬಾರ್, ಮತ್ತೆ ಏಳು ಬಾರ್. ಒಂದು ಸುತ್ತು ನಿಧಾನ, ಮುಂದಿನದು ಅದರ ಎರಡರಷ್ಟು ವೇಗ, ಮತ್ತೆ ನಿಧಾನ.

ಲಯಗಾರ
ಒಂದನೇ ಕಾಲ, ಎರಡನೇ ಕಾಲ! ಇದನ್ನು ಮೊದಲೇ ಹೇಳಬಾರದಿತ್ತೇ? ಬಾಲ್ಕನಿಯವರೇ, ಇದನ್ನೇ ಹಾಕಿ. ನಾನೂ ಈಗಲೇ ತಾಳ ಹಾಕಿ ನೋಡುತ್ತೇನೆ.

ಕುಡ್ಲದ ಟ್ರಂಪೆಟ್
ಬೆರಳಲ್ಲಿ ಎಣಿಸಿ, ಕಾಲಲ್ಲಿ ಬೇಡ. ಎರಡನೇ ಕಾಲಕ್ಕೆ ಕೆಳಗಿನ ಮನೆಯವರು ಮೇಲೆ ಬರ್ತಾರೆ.